ಹಳೇ ಅರಮನೆ ಸ್ಟಾಪು

ಹದಿನಾಲ್ಕನೇ ನಂಬರಿನ ಬಸ್ಸಿನಿಂದ ‘ಹಳೇ ಅರಮನೆ’ ಸ್ಟಾಪಿನಲ್ಲಿ ಮೊದಲ ಸಲ ಇಳಿದವರೆಲ್ಲ ಮಾಡುವ ಕೆಲಸ ಒಂದೇ. ಕತ್ತೆತ್ತಿ ಅರಮನೆ ಹುಡುಕುತ್ತಾರೆ. ಎಡಕ್ಕೆ ಹಳೇ ಅರಮನೆ ಬೇಕರಿ, ಬಲಕ್ಕೆ ಹಳೇ ಅರಮನೆ ಡ್ರೈ ಕ್ಲೀನರ್ಸ್, ಎದುರಿಗೆ ಹದಿನಾಲ್ಕು ಮಹಡಿಯ ಅರಮನೆ ರೆಸಿಡೆನ್ಸಿ, ಅದರ ಕೆಳಗೆ ಅರಮನೆ ಡೆಂಟಲ್ ಕ್ಲಿನಿಕ್. ಹಲ್ಲು ಕೀಳಿಸಿಕೊಳ್ಳುವುದಕ್ಕೂ ಅಲ್ಲಿ ರಾಜಮರ್ಯಾದೆ. ಅರಮನೆಯೊಂದು ಮಾತ್ರ ಕಾಣುವುದಿಲ್ಲ.

ಇದ್ದರೆ ತಾನೆ ಕಾಣುವುದು! ಭಾನುವಾರ ಬೆಳಿಗ್ಗೆ ನಿವೃತ್ತ ಇತಿಹಾಸದ ಮೇಷ್ಟ್ರೊಬ್ಬರು ಹತ್ತಿಪ್ಪತ್ತು ಜನರನ್ನು ಅಲ್ಲಿಗೆ ಕರೆತಂದು, ರಾಜನ ಮೂವರು ರಾಣಿಯರ ಜಗಳದಲ್ಲಿ ಅರಮನೆಗೆ ಬೆಂಕಿ ಬಿದ್ದ ಕತೆ ಹೇಳುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕೇಳಿದವರು ಡೆಂಟಲ್ ಕ್ಲಿನಿಕ್ಕಿನ ಕಾಂಪೌಂಡಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ಜಾಗದಲ್ಲಿ ರಾಜ ಹಾಗಿರಲಿ, ರಾಜನ ಕುದುರೆಯೂ ಯಾವತ್ತೂ ನಿಂತಿರಲಿಲ್ಲ ಎಂಬ ಸತ್ಯ ಇಡೀ ನಗರದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಅಣ್ಣ, ಇನ್ನೊಬ್ಬಳು ಅವನ ತಂಗಿ ಗುಂಡುಪಿನ್ನು.

ಗುಂಡುಪಿನ್ನು ಎಂಬುದು ಮನೆಯವರಿಟ್ಟ ಹೆಸರು. ಚಿಕ್ಕಂದಿನಲ್ಲಿ ಆಕಾರ ಅಷ್ಟೇ ಇತ್ತು, ಮೊನಚೂ ಅಷ್ಟೇ ಇತ್ತು. ಅವಳು ಬಸ್ಸು ಇಲಾಖೆಯ ದಾಖಲೆ ವಿಭಾಗಕ್ಕೆ ಸೇರಿ, ಮೇಲೇರಿ, ಸೂಪರಿಂಟೆಂಡೆಂಟ್ ಆದ ಮೇಲೆ ಆಫೀಸಿನವರೂ ಬೆನ್ನ ಹಿಂದೆ ಅದೇ ಹೆಸರಿಟ್ಟರು. ಯಾರೂ ಯಾರನ್ನೂ ಕೇಳಿ ಇಟ್ಟದ್ದಲ್ಲ. ಒಂದು ಸಹಿ ಇಲ್ಲದಿದ್ದರೂ ಅವಳು ಫೈಲಿಗೆ ಚೀಟಿ ಚುಚ್ಚಿ ವಾಪಸ್ಸು ಕಳಿಸುತ್ತಿದ್ದಳು. ದೊಡ್ಡ ಸಾಹೇಬರ ರಜೆ ಅರ್ಜಿಯನ್ನೇ ದಿನಾಂಕ ಇಲ್ಲವೆಂದು ಎರಡು ಸಲ ಹಿಂದಕ್ಕೆ ಕಳಿಸಿದ ಪುಣ್ಯಾತ್ಗಿತ್ತಿ. ಇಂಥವಳು ಹನ್ನೊಂದನೇ ವಯಸ್ಸಿನಲ್ಲಿ ಅದೇ ಇಲಾಖೆಗೆ ಟೋಪಿ ಹಾಕಿದ್ದಳು ಎಂದರೆ ಯಾರು ನಂಬುತ್ತಾರೆ?

ಈಗ ಅವಳ ನಿವೃತ್ತಿಗೆ ನಾಲ್ಕು ತಿಂಗಳು. ಅಷ್ಟರಲ್ಲಿ ಇಲಾಖೆಗೆ ಹೊಸ ಕಂಪ್ಯೂಟರ್ ಬಂತು. ಬಸ್ಸಿನೊಳಗೆ ಇನ್ನು ಮುಂದೆ ಯಂತ್ರವೇ ಸ್ಟಾಪಿನ ಹೆಸರು ಕೂಗುತ್ತದಂತೆ. ಅದಕ್ಕೆ ನಗರದ ಆರುನೂರ ಹನ್ನೆರಡು ಸ್ಟಾಪುಗಳ ಮಂಜೂರಾತಿ ಆದೇಶದ ನಂಬರು ಬೇಕು. ನಂಬರಿಲ್ಲದ ಸ್ಟಾಪು ಯಂತ್ರಕ್ಕೆ ಇಲ್ಲ, ಯಂತ್ರಕ್ಕಿಲ್ಲದ ಕಡೆ ಬಸ್ಸು ನಿಲ್ಲುವುದಿಲ್ಲ. ಈ ಕೆಲಸಕ್ಕೆ ನೇಮಕವಾಗಿದ್ದ ಹೊಸ ಇಂಜಿನಿಯರಮ್ಮ, ಇನ್ನೂ ಮೂವತ್ತು ತುಂಬದವಳು, ಸೋಮವಾರ ಗುಂಡುಪಿನ್ನಿನ ಮೇಜಿನ ಮುಂದೆ ಬಂದು ನಿಂತಳು.

“ಮೇಡಂ, ಆರುನೂರ ಹನ್ನೊಂದು ಸಿಕ್ತು. ಒಂದೇ ಒಂದು ಉಳ್ಕೊಂಡಿದೆ.”

“ಯಾವುದಮ್ಮ?”

“ಹಳೇ ಅರಮನೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗುಂಡುಪಿನ್ನು ಹೆಗಲು ಮುಟ್ಟಲಿಲ್ಲ, ಆದರೆ ಮುಟ್ಟಿಕೊಂಡಂತೆಯೇ ಕೂತಳು.

“ಆ ಸ್ಟಾಪು ಶುರುವಾದ ವರ್ಷದ ಹದಿನಾಲ್ಕನೇ ನಂಬರಿನ ಫೈಲು ಇಂಡೆಕ್ಸಲ್ಲೇ ಇಲ್ಲ ಮೇಡಂ.”

“ಅದಾ? ಗೆದ್ದಲು ತಿಂದಿರ್ಬೇಕು,” ಎಂದಳು ಗುಂಡುಪಿನ್ನು. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಅವಳು ಮೇಜಿನ ಮುಂದೆ ಹೇಳಿದ ಮೊದಲ ಸುಳ್ಳು. ಸಲೀಸಾಗಿ ಬಂತು. ಅಭ್ಯಾಸ ಬಿಟ್ಟರೂ ಕೈ ಮರೆತಿರಲಿಲ್ಲ.

“ಹಾಗಾದ್ರೆ ಶುಕ್ರವಾರ ಸಂಜೆ ತನಕ ಕಾಯ್ತೀನಿ. ಸಿಗ್ಲಿಲ್ಲ ಅಂದ್ರೆ ಆ ಸ್ಟಾಪು ರದ್ದು ಮಾಡ್ಬೇಕಾಗುತ್ತೆ. ನನಗೂ ಬೇಜಾರೇ, ಆದ್ರೆ ರೂಲ್ಸು ನಿಮಗೇ ಗೊತ್ತಲ್ಲ,” ಎಂದು ಹುಡುಗಿ ಹೋದಳು. ತನ್ನದೇ ಮಾತು ತನ್ನ ತಲೆ ಮೇಲೆ ಹೀಗೆ ಬಿದ್ದಾಗ ಎಷ್ಟು ಭಾರ ಎಂದು ಗುಂಡುಪಿನ್ನಿಗೆ ಅವತ್ತು ತಿಳಿಯಿತು.

ಆ ಸ್ಟಾಪಿನ ಕತೆ ಹೇಳಬೇಕೆಂದರೆ ಅಜ್ಜಿಯಿಂದ ಶುರು ಮಾಡಬೇಕು.

ಆಗ ಅಲ್ಲಿ ರೆಸಿಡೆನ್ಸಿ ಇರಲಿಲ್ಲ, ವಠಾರವಿತ್ತು. ನಡುವೆ ಅಂಗಳ, ಸುತ್ತ ಹನ್ನೊಂದು ಕೋಣೆ, ಹನ್ನೊಂದು ಸಂಸಾರ, ಒಂದೇ ನಲ್ಲಿ. ಮೂಲೆಯ ಕೋಣೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ, ಅಣ್ಣ, ಗುಂಡುಪಿನ್ನು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಮನೆಯೆಲ್ಲ ಟರ್ಪೆಂಟೈನ್ ವಾಸನೆ. ಅಜ್ಜಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸದವಳು. ಅವಳ ಮಡಿಕೆ ಎಂದರೆ ಅಂಚಿಗೆ ಅಂಚು ಕೂಡಬೇಕು. ಮನೆಯಲ್ಲಿ ಹಳೇ ಪೇಪರನ್ನೂ ಹಾಗೇ ಮಡಿಸುವಳು, ಕೈಗೆ ಸಿಕ್ಕರೆ ಮೊಮ್ಮಕ್ಕಳ ಕಿವಿಯನ್ನೂ.

ಹದಿನಾಲ್ಕನೇ ನಂಬರಿನ ಬಸ್ಸು ವಠಾರದ ಗಲ್ಲಿಯ ಬಾಯಿಗೇ ಬಂದು, ನಿಲ್ಲದೆ, ಬುರ್ರೆಂದು ಏರು ಹತ್ತಿ ಸಿನಿಮಾ ಟಾಕೀಸಿನ ಮುಂದೆ ನಿಲ್ಲುತ್ತಿತ್ತು. ಆ ಏರಿಗೆ ಜನ ಇಟ್ಟಿದ್ದ ಹೆಸರು ಮಂಡಿಮುರುಕ. ಅಜ್ಜಿ ದಿನಾ ಅದನ್ನು ಹತ್ತಬೇಕು. ತನ್ನನ್ನು ದಾಟಿ ಹೋಗುವ ಬಸ್ಸಿಗೆ “ಹೋಗು, ಹೋಗು, ನಿಂಗೂ ವಯಸ್ಸಾಗುತ್ತೆ” ಎಂದು ಹೇಳುತ್ತಲೇ ಹತ್ತುವಳು. ಒಂದು ಬೆಳಿಗ್ಗೆ ಏರಿನ ನಡುವೆ ಜಾರಿ ಬಿದ್ದಳು. ಕೈಯಲ್ಲಿದ್ದ ಊಟದ ಡಬ್ಬಿ ಉರುಳುತ್ತ ಉರುಳುತ್ತ ಗಲ್ಲಿಯ ಬಾಯಿಗೆ ಬಂದು ನಿಂತಿತು. ಸ್ಕೂಲಿಗೆ ಹೊರಟಿದ್ದ ಅಣ್ಣ ತಂಗಿಗೆ ಮೊದಲು ಸಿಕ್ಕಿದ್ದು ಡಬ್ಬಿ, ಆಮೇಲೆ ಅಜ್ಜಿ.

ಮಂಡಿಗೆ ಬಟ್ಟೆ ಸುತ್ತಿಸಿಕೊಳ್ಳುತ್ತ ಅಜ್ಜಿ ಅಂದಳು, “ಡಬ್ಬಿಗಿರೋ ಬುದ್ಧಿ ಬಸ್ಸಿಗಿಲ್ಲ ನೋಡ್ರೋ. ಅದು ಮನೆ ಹತ್ರಾನೇ ನಿಲ್ತು.”

ಎಲ್ಲರೂ ನಕ್ಕರು. ಗುಂಡುಪಿನ್ನು ನಗಲಿಲ್ಲ. ಅಂಗಳಕ್ಕೆ ಅಣ್ಣನನ್ನು ಎಳೆದುಕೊಂಡು ಹೋಗಿ, “ಬಸ್ಸು ಯಾಕೆ ನಿಲ್ಲುತ್ತೆ?” ಎಂದು ಕೇಳಿದಳು. ಹದಿಮೂರು ವರ್ಷದ ಅಣ್ಣ ಪಂಡಿತನಂತೆ “ಬ್ರೇಕ್ ಹಾಕ್ತಾರೆ” ಎಂದ. “ದಡ್ಡ! ಬೋರ್ಡ್ ಇರುತ್ತೆ, ಅದಕ್ಕೆ ನಿಲ್ಲುತ್ತೆ. ನಮ್ಮಪ್ಪ ಏನ್ ಕೆಲಸ ಮಾಡ್ತಾನೆ?”

ಅಲ್ಲಿಂದ ಮುಂದೆ ಎಲ್ಲ ಚಕಚಕ ನಡೆಯಿತು. ಅಪ್ಪನ ದೊಡ್ಡ ಬಣ್ಣದ ಡಬ್ಬದ ತಗಡಿನ ಮುಚ್ಚಳ ಮಾಯವಾಯಿತು. ನಲ್ಲಿ ರಿಪೇರಿಯಲ್ಲಿ ಉಳಿದಿದ್ದ ಪೈಪು ಮಾಯವಾಯಿತು. ಗುಂಡುಪಿನ್ನು ಸ್ಕೂಲಿನ ಸ್ಕೇಲು ಹಿಡಿದು ಟಾಕೀಸಿನ ಸ್ಟಾಪಿಗೆ ಮೂರು ಸಲ ಹೋಗಿ ಅಕ್ಷರದ ಎತ್ತರ ಅಳೆದು ಬಂದಳು. ಅಣ್ಣ ಕೆಂಪು ಬಳಿದು ಬಿಳಿಯಲ್ಲಿ ಹದಿನಾಲ್ಕು ಎಂದು ಬರೆದ. ಹೆಸರಿನ ಹತ್ತಿರ ಬಂದಾಗ ಕುಂಚ ನಿಂತಿತು.

“‘ನಲ್ಲಿ ವಠಾರ’ ಅಂತ ಬರೀಲಾ?”

“ನಲ್ಲಿಗೆಲ್ಲ ಯಾವ ಬಸ್ಸು ನಿಲ್ಸ್ತಾರೆ? ‘ಅರಮನೆ’ ಅಂತ ಬರಿ. ಹೆದರ್ಕೊಂಡು ನಿಲ್ಸ್ತಾರೆ.”

“ಅರಮನೆ ಎಲ್ಲಿ ಅಂತ ಕೇಳಿದ್ರೆ?”

ಗುಂಡುಪಿನ್ನು ಒಂದು ಕ್ಷಣ ಯೋಚಿಸಿದಳು. “ಮೊದಲು ‘ಹಳೇ’ ಅಂತ ಸೇರಿಸು. ಹಳೇದು ಅಂದ್ರೆ ಬಿದ್ದೋಯ್ತು ಅಂದ್ಕೋತಾರೆ.”

ಭಾನುವಾರ ಮಧ್ಯಾಹ್ನ ವಠಾರವೆಲ್ಲ ಉಂಡು ಮಲಗಿದ್ದಾಗ ಇಬ್ಬರೂ ಗಲ್ಲಿಯ ಬಾಯಲ್ಲಿ ಗುಂಡಿ ತೋಡಿ ಕಂಬ ನೆಟ್ಟರು. ತಗಡಿನ ಮೇಲೆ ಕೈ ಜಾರಿ ಒಂದು ಕಡೆ ಬಣ್ಣ ಕಿತ್ತುಹೋಯಿತು. ಸೋಮವಾರ ಬೆಳಿಗ್ಗೆ ಯಾರೂ ಏಳುವ ಮೊದಲೇ ಅಣ್ಣ ಹೋಗಿ ಅದಕ್ಕೆ ಮತ್ತೊಂದು ಕೈ ಕೆಂಪು ಬಳಿದು ಬಂದ.

ಅಜ್ಜಿ ಡಬ್ಬಿ ಹಿಡಿದು ಹೊರಟಾಗ ಇಬ್ಬರೂ ಓಡಿಹೋಗಿ, “ಅಜ್ಜಿ, ಅಜ್ಜಿ, ಹೊಸ ಸ್ಟಾಪು ಹಾಕಿದಾರೆ!” ಎಂದು ಕೂಗಿದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಬೋರ್ಡನ್ನೂ ನೋಡಿದಳು, ಮೊಮ್ಮಗನ ಕಿವಿಯ ಮೇಲಿದ್ದ ಕೆಂಪು ಬಣ್ಣವನ್ನೂ ನೋಡಿದಳು. “ಇಲಾಖೆಯವರು ಒಳ್ಳೇ ಕೆಲಸ ಮಾಡಿದಾರೆ ಬಿಡು,” ಎಂದು ಕಂಬದ ಪಕ್ಕ ಸೆರಗು ಸರಿಮಾಡಿಕೊಂಡು ನಿಂತಳು, ಹುಟ್ಟಿದಾಗಿನಿಂದ ಅಲ್ಲೇ ಬಸ್ಸು ಹತ್ತುತ್ತಿದ್ದವಳ ಹಾಗೆ.

ಬಸ್ಸು ಬಂತು. ಮೀಸೆ ಡ್ರೈವರು ಬ್ರೇಕು ಹಾಕಿದ. ಇಳಿದು ಬಂದು ಕಂಬ ನೋಡಿ, ಬೋರ್ಡು ಮುಟ್ಟಿ, ಕರ್ಚೀಫಿನಲ್ಲಿ ಕೈ ಒರೆಸಿಕೊಂಡ. ಮಕ್ಕಳಿಬ್ಬರೂ ಅಜ್ಜಿಯ ಸೆರಗಿನ ಹಿಂದೆ ಸರಿದರು. ಅವನು ಅಜ್ಜಿಯ ಕಡೆ ತಿರುಗಿ “ಹತ್ತಿ ಅಮ್ಮ, ಟೈಮಾಯ್ತು” ಎಂದ. ಅಷ್ಟೇ. ಅವತ್ತಿನಿಂದ ಬಸ್ಸು ದಿನಾ ನಿಂತಿತು. ಅಪ್ಪ ಮುಚ್ಚಳಕ್ಕಾಗಿ ಒಂದು ವಾರ ಗುಜರಿಯವನ ಜೊತೆ ಜಗಳವಾಡಿದ. ಬೋರ್ಡು ನೋಡಿ ಮಾತ್ರ, “ಯಾರು ಬರೆದಿದಾನೋ, ಕೈ ಇನ್ನೂ ಪಳಗಿಲ್ಲ” ಎಂದು ಮುಂದೆ ಹೋದ. ಅಣ್ಣನಿಗೆ ಆ ಮಾತಿನ ಗಾಯ ಇವತ್ತಿಗೂ ಆರಿಲ್ಲ.

ಆ ದಿನಗಳ ಇನ್ನೊಂದು ಚಿತ್ರವೂ ಗುಂಡುಪಿನ್ನಿನ ತಲೆಯಲ್ಲಿ ಉಳಿದಿತ್ತು. ಅಜ್ಜಿಗೆ ಬುಧವಾರ ವಾರದ ರಜೆ. ಅಂಥ ಒಂದು ಬುಧವಾರ ಸ್ಕೂಲಿನಿಂದ ಬಂದಾಗ ಅಜ್ಜಿಯ ಹೆಬ್ಬೆರಳು ನೇರಳೆಯಾಗಿತ್ತು. “ಏನಜ್ಜಿ ಇದು?” ಎಂದರೆ “ಲಾಂಡ್ರಿ ನೀಲಿ ಕಣೇ” ಎಂದಳು. ನಾಲ್ಕು ದಿನ ಆ ಬಣ್ಣ ಹೋಗಲಿಲ್ಲ.

ಆಮೇಲೆ ನಗರ ಬೆಳೆಯಿತು. ಸ್ಟಾಪಿನ ಪಕ್ಕ ಬೇಕರಿ ಬಂದು ಅದಕ್ಕೆ ಹೆಸರು ಬೇಕಾದಾಗ ಬೋರ್ಡು ನೋಡಿ ಇಟ್ಟರು. ಅದನ್ನು ನೋಡಿ ಡ್ರೈ ಕ್ಲೀನರು ಇಟ್ಟ. ಟಾಕೀಸು ಹೋಗಿ ಮಾಲು ಬಂತು, ವಠಾರ ಹೋಗಿ ರೆಸಿಡೆನ್ಸಿ ಬಂತು, ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು. ತಗಡಿನ ಬೋರ್ಡು ತೆಗೆದು ಇಲಾಖೆಯವರೇ ಗಾಜಿನ ತಂಗುದಾಣ ಕಟ್ಟಿ ಅದರ ಮೇಲೆ ಅದೇ ಹೆಸರು ಬರೆಸಿದರು. ಹೋಗದೆ ಉಳಿದದ್ದು ಮಂಡಿಮುರುಕ ಏರು, ಅದರ ಕೆಳಗಿನ ಗಲ್ಲಿಯಲ್ಲಿ ಒಂದು ಸಣ್ಣ ಮನೆ ಹಿಡಿದುಕೊಂಡಿದ್ದ ಅಣ್ಣ, ಮತ್ತು ಅಜ್ಜಿಯಿಂದ ಅವನಿಗೆ ಬಳುವಳಿಯಾಗಿ ಬಂದಿದ್ದ ಮಂಡಿ ನೋವು.

ಸೋಮವಾರ ಸಂಜೆಯೇ ಗುಂಡುಪಿನ್ನು ಅಣ್ಣನ ಮನೆಗೆ ಹೋದಳು. ಅರವತ್ತೆರಡರ ಅಣ್ಣ ಮಾರ್ಕೆಟ್ಟಿನ ತನ್ನ ಬೋರ್ಡಿನ ಅಂಗಡಿಗೆ ದಿನವೂ ಅದೇ ಸ್ಟಾಪಿನಿಂದ ಹೋಗುವವನು. ಸುದ್ದಿ ಕೇಳಿ ಮೊದಲು ಜೋರಾಗಿ ನಕ್ಕ. ಆಮೇಲೆ ಎರಡೂ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತ.

“ಆ ಏರು ನನ್ನ ಕೈಲಿ ಹತ್ತೋಕಾಗಲ್ಲ ಕಣೇ. ಅಂಗಡಿ ಮುಚ್ಚಿ ಮನೇಲಿ ಕೂರ್ಬೇಕಾಗುತ್ತೆ,” ಎಂದ. ಅವನು ಹೀಗೆ ಸೋತ ದನಿಯಲ್ಲಿ ಮಾತಾಡಿದ್ದನ್ನು ಗುಂಡುಪಿನ್ನು ಕೇಳಿರಲೇ ಇಲ್ಲ.

ಅವನೇ ಮತ್ತೆ ಕಣ್ಣು ಮಿಟುಕಿಸಿದ. “ಬೋರ್ಡ್ ಬರೆದ ಕೈಗೆ ಆರ್ಡರ್ ಬರೆಯೋದು ಯಾವ ಮಹಾ ಕಷ್ಟ? ಹಳೇ ಪೇಪರು ನೀನು ಕೊಡು, ಹಳೇ ಅಕ್ಷರ ನಾನು ಕೊಡ್ತೀನಿ.”

“ನನ್ನ ಪೆನ್ಷನ್ ಯಾರಪ್ಪ ಕೊಡ್ತಾರೆ?”

“ಅರಮನೆ ಖಜಾನೆಯಿಂದ ಕೊಡಿಸ್ತೀನಿ ಬಾ.”

ಅವಳು ಬೈದು ಎದ್ದು ಬಂದಳು. ಆದರೆ ಮಾತು ಹುಳುವಿನಂತೆ ತಲೆ ಹೊಕ್ಕಿತ್ತು. ಹಳೇ ಪೇಪರು ದಾಖಲೆ ಕೋಣೆಯಲ್ಲಿ ರಾಶಿ ಇದೆ. ಆ ಕಾಲದ ದುಂಡು ಸೀಲು ಅವಳದೇ ಬೀರುವಿನಲ್ಲಿದೆ. ಬೀಗದ ಕೈ ಅವಳ ಸೊಂಟದಲ್ಲೇ ಇದೆ. ಮಂಗಳವಾರ ಪೇಪರು ಆರಿಸಿದಳು. ಬುಧವಾರ ಅಣ್ಣ ಅದರ ಮೇಲೆ ಚೆಂದದ ಹಳೇ ದುಂಡಕ್ಷರದಲ್ಲಿ ಆದೇಶ ಬರೆದುಕೊಟ್ಟ. ಗುರುವಾರ ಮಧ್ಯಾಹ್ನ, ಗುಮಾಸ್ತರೆಲ್ಲ ಊಟಕ್ಕೆ ಹೋದಾಗ, ಇಲಾಖೆಗೇ ಕಟ್ಟುನಿಟ್ಟಿನ ಹೆಂಗಸು ಎನಿಸಿಕೊಂಡವಳು ಸೀಲನ್ನೂ ಸುಳ್ಳು ಆದೇಶವನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ದಾಖಲೆ ಕೋಣೆಗೆ ನುಗ್ಗಿದಳು. ಬೇಲಿಯೇ ಎದ್ದು ಹೊಲ ಮೇಯಲು ಹೊರಟಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು. ಆದರೂ ಸುಳ್ಳು ಹೇಳಬಾರದು, ಒಳಗೊಳಗೇ ಒಂದು ಮಜವೂ ಇತ್ತು, ಹನ್ನೊಂದನೇ ವಯಸ್ಸಿನ ಮಜ.

ಫೈಲನ್ನು ಗೆದ್ದಲು ತಿಂದಿರಲಿಲ್ಲ. ಅದು ಇದ್ದ ಜಾಗ ಅವಳೊಬ್ಬಳಿಗೇ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರವೇ, ಬೋರ್ಡು ನೆಟ್ಟ ವರ್ಷದ ಹದಿನಾಲ್ಕನೇ ನಂಬರಿನ ಫೈಲು ಅವಳ ಕಣ್ಣಿಗೆ ಬಿದ್ದಿತ್ತು. ಒಳಗೆ ದೂರು ಇದೆಯೋ, ಅಪ್ಪನ ಹೆಸರು ಇದೆಯೋ ಎಂಬ ಹೆದರಿಕೆಗೆ ತೆರೆಯಲಿಲ್ಲ. ಇಂಡೆಕ್ಸಿಗೂ ಸೇರಿಸದೆ ಕೆಳಗಿನ ಶೆಲ್ಫಿನ ಹಿಂದಕ್ಕೆ ತಳ್ಳಿದ್ದಳು. ಊರವರ ಫೈಲೆಲ್ಲ ಓದಿದವಳು ಮೂವತ್ತೈದು ವರ್ಷ ಅದೊಂದನ್ನು ಓದಲಿಲ್ಲ. ಈಗ ಮಂಡಿಯೂರಿ ಎಳೆದಳು, ಧೂಳು ಊದಿದಳು, ಸುಳ್ಳು ಆದೇಶ ಎಲ್ಲಿ ಸೇರಿಸಬೇಕೆಂದು ಹಾಳೆ ಮಗುಚಿದಳು.

ಮೊದಲ ಹಾಳೆ ಮೀಸೆ ಡ್ರೈವರಿನ ಪತ್ರ. ‘ನಲ್ಲಿ ವಠಾರದ ಗಲ್ಲಿಯ ಬಾಯಲ್ಲಿ ಯಾರೋ ಮಕ್ಕಳು ಹಳೇ ಅರಮನೆ ಎಂದು ಸ್ಟಾಪಿನ ಬೋರ್ಡು ನೆಟ್ಟಿರುತ್ತಾರೆ. ಬಣ್ಣ ಇನ್ನೂ ಹಸಿ ಇತ್ತು, ನನ್ನ ಕರ್ಚೀಫು ಹಾಳಾಯಿತು. ಅಲ್ಲಿ ಕಾಲು ನೋವಿನ ವಯಸ್ಸಾದ ಹೆಂಗಸೊಬ್ಬರು ನಿಂತಿರುತ್ತಾರೆ. ನಿಲ್ಲಿಸದೆ ಹೋಗಲು ಮನಸ್ಸು ಬಾರದ್ದರಿಂದ ನಿಲ್ಲಿಸುತ್ತಿದ್ದೇನೆ. ದಯವಿಟ್ಟು ಮಂಜೂರು ಮಾಡಬೇಕು.’ ಕೆಳಗೆ ಸಾಹೇಬರ ಷರಾ: ‘ಯಾವ ಅರಮನೆ? ಪರಿಶೀಲಿಸಿ.’

ಎರಡನೇ ಹಾಳೆ ಇನ್ಸ್‌ಪೆಕ್ಟರರ ವರದಿ. ಅದರಲ್ಲಿ ಒಂದು ಹೇಳಿಕೆ. ‘ಬೋರ್ಡು ನೆಟ್ಟಿದ್ದು ನಾನೇ. ನನ್ನ ಮೊಮ್ಮಕ್ಕಳಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಶಿಕ್ಷೆ ಇದ್ದರೆ ನನಗೇ ಆಗಲಿ.’ ಹೇಳಿಕೆಯ ಕೆಳಗೆ ಹೆಬ್ಬೆಟ್ಟಿನ ಗುರುತು. ನೇರಳೆ ಬಣ್ಣ. ದಿನಾಂಕದ ಪಕ್ಕದಲ್ಲಿ ವಾರವನ್ನೂ ಬರೆದಿದ್ದರು: ಬುಧವಾರ.

ರಜೆಯ ದಿನ ಎಲ್ಲಿಯ ಲಾಂಡ್ರಿ, ಎಲ್ಲಿಯ ನೀಲಿ! ನೀಲಿ ಮೆತ್ತಿದರೆ ಕೈಯೆಲ್ಲ ಮೆತ್ತಬೇಕು, ಒಂದು ಹೆಬ್ಬೆರಳಿಗೆ ಮಾತ್ರ ಯಾಕೆ ಮೆತ್ತುತ್ತದೆ? ಇಷ್ಟು ಬುದ್ಧಿವಂತೆಗೆ ಅದು ನಲವತ್ತೊಂಬತ್ತು ವರ್ಷ ಹೊಳೆದಿರಲಿಲ್ಲ. ಗುಂಡುಪಿನ್ನು ಆ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟುಕೊಂಡು, ದಾಖಲೆ ಕೋಣೆಯ ನೆಲದ ಮೇಲೆ ಕೂತು, ಮೂಗು ಒರೆಸಿಕೊಳ್ಳುತ್ತ ಅತ್ತಳು. ಅಜ್ಜಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಸಾಯುವ ತನಕ ಒಂದು ಮಾತು ಬಿಟ್ಟುಕೊಟ್ಟಿರಲಿಲ್ಲ, ಕಳ್ಳಿ!

ಕಣ್ಣೊರೆಸಿಕೊಂಡು ಮುಂದೆ ಓದಿದಳು. ‘ಅರಮನೆ ಎಲ್ಲಿದೆ ಎಂದು ಕೇಳಲಾಗಿ, ಸದರಿ ಹೆಂಗಸು ಬನ್ನಿ ತೋರಿಸುತ್ತೇನೆ ಎಂದು ವಠಾರದ ಒಳಗೆ ಕರೆದುಕೊಂಡು ಹೋಗಿ, ಕೂರಿಸಿ, ಕಾಫಿ ಕೊಟ್ಟರು. ಅರಮನೆಯನ್ನು ಖುದ್ದಾಗಿ ಪರಿಶೀಲಿಸಲಾಯಿತು. ಒಂದೇ ಕೋಣೆ. ವಾಸ ಆರು ಜನ. ಸೂರು ಸೋರುತ್ತದೆ. ಸ್ಟಾಪು ಮುಂದುವರಿಸಬಹುದು.’

ಮೂರನೇ ಹಾಳೆ ಮಂಜೂರಾತಿ. ನಂಬರು ಇನ್ನೂರ ಹನ್ನೊಂದು. ಸಹಿ, ಸೀಲು, ದಿನಾಂಕ, ಎಲ್ಲವೂ ಸರಿ. ಗುಂಡುಪಿನ್ನಿಗೇ ಚುಚ್ಚಲು ಜಾಗವಿಲ್ಲದಷ್ಟು ಸರಿ.

ಅಂದರೆ ಸ್ಟಾಪಿಗೆ ಯಾವ ಕುತ್ತೂ ಇರಲಿಲ್ಲ. ಇದ್ದ ಕುತ್ತೆಲ್ಲ ಇವಳು ಫೈಲು ಬಚ್ಚಿಟ್ಟದ್ದರಿಂದ ಬಂದದ್ದು. ಅವಳು ಅಲ್ಲೇ ಕೂತು ಅಣ್ಣನಿಗೆ ಫೋನು ಮಾಡಿ, ಮೂರೂ ಹಾಳೆ ಓದಿ ಹೇಳಿದಳು. ಎಲ್ಲ ಕೇಳಿ ಅಣ್ಣ ಅಂದ, “ಸೂರು ಸೋರುತ್ತೆ ಅಂತ ಬರ್ಕೊಂಡು ಹೋದೋನು, ಅದನ್ನ ರಿಪೇರಿ ಮಾಡ್ಸ್ಬಾರ್ದಿತ್ತೇನೆ?”

“ನೀನ್ ಬರೆದ ಆರ್ಡರು ಹರಿದಾಕ್ತಿದೀನಿ.”

“ಬೇಡ ಕಣೇ! ಅಕ್ಷರ ಎಷ್ಟು ಚೆನ್ನಾಗಿ ಬಂದಿದೆ. ಅಪ್ಪ ಇದ್ದಿದ್ರೆ ಕೈ ಪಳಗಿದೆ ಅಂತ ಒಪ್ಕೋತಿದ್ದ.”

ಅವಳು ಅದನ್ನು ಹರಿದು ಚೂರು ಚೂರು ಮಾಡಿದಳು. ಶುಕ್ರವಾರ ಬೆಳಿಗ್ಗೆ ಫೈಲನ್ನು ಇಂಜಿನಿಯರಮ್ಮನ ಮುಂದಿಟ್ಟು, “ಗೆದ್ದಲು ತಿಂದಿರ್ಲಿಲ್ಲಮ್ಮ. ನಾನೇ ತಪ್ಪು ಜಾಗದಲ್ಲಿಟ್ಟಿದ್ದೆ. ನನ್ನ ತಪ್ಪು ಅಂತಾನೇ ಬರ್ಕೋ,” ಎಂದಳು.

ಹುಡುಗಿ ಮೊದಲ ಹಾಳೆಗೆ ನಕ್ಕಳು, ಎರಡನೆಯದಕ್ಕೆ ನಗು ನಿಲ್ಲಿಸಿದಳು, ಹೆಬ್ಬೆಟ್ಟಿನ ಹತ್ತಿರ ತುಂಬ ಹೊತ್ತು ನಿಂತಳು. ನಂಬರನ್ನು ಯಂತ್ರಕ್ಕೆ ಸೇರಿಸಿದಳು. ಆಮೇಲೆ ತಲೆಯೆತ್ತಿ, ಗುಂಡುಪಿನ್ನಿನ ಊದಿದ ಕಣ್ಣನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

“ಮೇಡಂ, ಈ ಮೊಮ್ಮಕ್ಕಳು ಯಾರು ಅಂತ ನಿಮಗೇನಾದ್ರೂ ಗೊತ್ತಾ?”

ಗುಂಡುಪಿನ್ನು ಕನ್ನಡಕ ಏರಿಸಿ, ಹಾಳೆಯ ಮೇಲಿನ ಆ ಸಾಲಿಗೆ ಬೆರಳಿಟ್ಟು ತೋರಿಸಿದಳು.

“ದಾಖಲೆ ಸರಿಯಾಗಿ ಓದೋದು ಕಲ್ತ್ಕೋ ಅಮ್ಮ. ಇಲ್ಲೇ ಬರೆದಿದೆಯಲ್ಲ, ಅವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ.”